ಮಲಗುವ ಗಾಡಿ

ನಮ್ಮತ್ತೆಯ ಕೈಯಲ್ಲಿ ಬಟ್ಟೆ ಹೊಲಿಸಿಕೊಂಡವರು ಯಾರೂ ಆ ವರ್ಷವೇ ಅದನ್ನು ಮೈಗೆ ಸರಿಯಾಗಿ ಹಾಕಿಕೊಂಡಿದ್ದಿಲ್ಲ. ಅವರು ಹೊಲಿಯುವುದು ಶಾಲೆ ಮಕ್ಕಳ ಯೂನಿಫಾರಂ. ಲಂಗ, ಚಡ್ಡಿ, ಅಂಗಿ, ಯಾವುದನ್ನು ತಿರುಗಿಸಿ ನೋಡಿದರೂ ಒಳಗೆ ನಾಲ್ಕು ಬೆರಳು ಬಟ್ಟೆ ಮಡಚಿಕೊಂಡು ಕೂತಿರುತ್ತದೆ. ಮಗು ಉದ್ದವಾದ ಹಾಗೆಲ್ಲ ಹೊಲಿಗೆ ಬಿಚ್ಚಿ ಇಳಿಸಿಕೊಳ್ಳಲಿ ಅಂತ. "ಬೆಳೆಯೋ ಮಕ್ಕಳು, ಒಳಗೆ ಬಿಟ್ಟೇ ಹೊಲೀಬೇಕು" ಅನ್ನುವುದು ಅವರ ಮಾತು. ಬರೀ ಮಾತಾಗಿದ್ದರೆ ಚಿಂತೆಯಿರಲಿಲ್ಲ, ಅದು ಮನೆಯ ಕಾನೂನೇ ಆಗಿಬಿಟ್ಟಿತ್ತು. ನನ್ನ ಗಂಡ ಚಿಕ್ಕವರಿದ್ದಾಗ ಶೂ ತುದಿಗೆ ಹತ್ತಿ ತುರುಕಿಕೊಂಡು ಓಡಾಡಿದವರು. ನಮ್ಮ ಮದುವೆ ಫೋಟೋದಲ್ಲಿ ಇವರ ಕಾಲರಿನೊಳಗೆ ಇನ್ನೊಂದು ಕುತ್ತಿಗೆ ಹಿಡಿಸುವಷ್ಟು ಜಾಗವಿದೆ. ಮದುವೆಯಾದ ಮೇಲೆ ಮಗ ದಪ್ಪಗಾಗುತ್ತಾನೆ ಅಂತ ಅತ್ತೆ ಬಿಟ್ಟು ಹೊಲಿದಿದ್ದರು. ಇವರು ಇನ್ನೂ ದಪ್ಪಗಾಗಿಲ್ಲ. ನನ್ನ ಅಡುಗೆಯ ಮೇಲೆ ಆ ದೂರು ಹಾಗೇ ಉಳಿದುಕೊಂಡಿದೆ.

ಇಂಥ ಮನೆಯಲ್ಲಿ ಮಗುವಿಗೆ ಗಾಡಿ ಕೊಳ್ಳುವ ಮಾತು ಬಂದರೆ ಏನಾಗುತ್ತದೆ ಅಂತ ನನಗೆ ಮೊದಲೇ ಗೊತ್ತಿರಬೇಕಿತ್ತು.

ಮಗಳನ್ನು ನಾವು ಚೋಟು ಅಂತ ಕರೆಯುತ್ತೇವೆ. ಹುಟ್ಟಿದ ದಿನ ಅತ್ತೆ ಹೆಬ್ಬೆರಳು ತೋರುಬೆರಳು ಅಗಲಿಸಿ, "ಚೋಟುದ್ದ ಇದೆಯಲ್ಲೇ ಇದು" ಅಂದಿದ್ದಕ್ಕೆ ಬಿದ್ದ ಹೆಸರು. ಈಗ ಅವಳಿಗೆ ಏಳು ತಿಂಗಳು. ಬೇರೆ ಮಕ್ಕಳಾದರೆ ಈ ಹೊತ್ತಿಗೆ ಬೋರಲು ಬಿದ್ದು, ತಲೆ ಎತ್ತಿ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಂಡು ರಂಪ ಮಾಡುತ್ತವೆ. ಚೋಟು ಇಟ್ಟಲ್ಲಿ ಇರುತ್ತಾಳೆ. ಕುತ್ತಿಗೆ ನಿಂತಿಲ್ಲ. ಅವಳ ಕೈಯನ್ನು ನಾವು ಎತ್ತಿ ಹಿಡಿದು ಬಿಟ್ಟರೆ ಹಾಗೇ ಬಿದ್ದುಹೋಗುತ್ತದೆ. ಹೆಗಲಿಗೆ ಹಾಕಿಕೊಂಡರೂ ಸರಿ, ತೊಡೆಯ ಮೇಲೆ ಓರೆಯಾಗಿ ಕೂರಿಸಿಕೊಂಡರೂ ಸರಿ, ತಲೆ ಮುಂದಕ್ಕೆ ಜೋತುಬಿದ್ದು ಉಸಿರು ಕಟ್ಟುತ್ತದೆ. ಅಂಗಾತ ಮಲಗಿಸಿದರೆ ಮಾತ್ರ ನೆಮ್ಮದಿ. ಚುರುಕಾಗಿರುವುದು ಕಣ್ಣು ಒಂದೇ. ಆ ಕಣ್ಣಲ್ಲೇ ನಮ್ಮನ್ನು ಕರೆಯುತ್ತಾಳೆ, ಬೈಯುತ್ತಾಳೆ, ಆಚೆ ಹೋಗು ಅನ್ನುತ್ತಾಳೆ. ಇಷ್ಟು ಚೆಂದದ ಕಣ್ಣಿಗೆ ನೋಡಲು ಸಿಕ್ಕಿರುವುದು ಒಂದು ಫ್ಯಾನು, ಒಂದು ಬಲ್ಬು, ಸೂರಿನಲ್ಲಿ ನೀರು ಇಳಿದು ಆದ ಒಂದು ಕಂದು ಕಲೆ.

ಆಸ್ಪತ್ರೆಗೆ ಒಯ್ಯಲು ಇವರು ಒಂದು ಹಲಗೆ ಮಾಡಿದರು. ಇವರದು ಸೀಟು ಹೊಲಿಯುವ ಕೆಲಸ. ಬಸ್ಸು, ಲಾರಿ, ಬೈಕು, ಯಾವುದರ ಸೀಟು ಹರಿದರೂ ಗ್ಯಾರೇಜಿನ ಹಿಂದಿನ ಶೆಡ್ಡಿಗೆ, ಇವರ ಹತ್ತಿರವೇ ಬರುತ್ತದೆ. ಪ್ಲೈವುಡ್ಡು ಕತ್ತರಿಸಿ, ಮೇಲೆ ಗಟ್ಟಿ ಫೋಮು ಅಂಟಿಸಿ, ನೀಲಿ ರೆಕ್ಸಿನ್ ಎಳೆದು ಕಟ್ಟಿ, ಮಗು ಉರುಳದ ಹಾಗೆ ಎರಡೂ ಬದಿಗೆ ದಿಂಡು ಹೊಲಿದರು. ಕೆಲಸದಲ್ಲಿ ಕೊಂಕು ಹುಡುಕುವ ಹಾಗಿರಲಿಲ್ಲ. ಉದ್ದ ಮಾತ್ರ ಮೂರು ವರ್ಷದ ಮಗು ಕಾಲು ಚಾಚಿ ಮಲಗುವಷ್ಟು. ಯಾಕೆ ಅಂತ ನಾನು ಕೇಳಲಿಲ್ಲ, ಯಾರ ಮಗ ಅಂತ ಗೊತ್ತಿತ್ತಲ್ಲ.

ಆಸ್ಪತ್ರೆಯಲ್ಲಿ ಇವರು ಔಷಧಿ ತರಲು ಕೆಳಗೆ ಇಳಿದಾಗ ಮಕ್ಕಳ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದರು. ಇದು ಸ್ನಾಯುಗಳ ಕಾಯಿಲೆ. ಕೈಕಾಲು ಸೋತ ಹಾಗೆಯೇ ಉಸಿರಾಡಿಸುವ ಸ್ನಾಯುಗಳೂ ಸೋಲುತ್ತವೆ. ಇವಳ ಮಟ್ಟಿಗೆ ಔಷಧಿಯ ಮಾತು ಮುಗಿದಿದೆ, ಬರೆದುಕೊಟ್ಟಿರುವುದು ಕಫಕ್ಕೆ ಅಷ್ಟೇ.

"ಮುಂದಿನ ಚಳಿಗಾಲದವರೆಗೂ ಅಂತ ಲೆಕ್ಕ ಇಟ್ಕೋಬೇಡಿ," ಅಂದರು. "ಅವಳಿಗೆ ಏನು ಖುಷಿಯೋ ಅದನ್ನ ಮಾಡಿ. ಹೊರಗೆ ಕರ್ಕೊಂಡು ಹೋಗಿ, ಗಿಡಮರ ನೋಡ್ಲಿ. ಆದ್ರೆ ಮಲಗಿಸೇ ಕರ್ಕೊಂಡು ಹೋಗ್ಬೇಕು."

ಆಕೆ ಒಳ್ಳೆಯವರು. ಹೇಳಿ ಮುಗಿಸಿ ಎದ್ದು ಹೋಗದೆ ನನ್ನ ಪಕ್ಕದಲ್ಲೇ ಕೂತಿದ್ದರು. ಇವರು ಔಷಧಿ ಚೀಲ ಹಿಡಿದುಕೊಂಡು ಏದುಸಿರು ಬಿಡುತ್ತಾ ಬಂದು "ಏನಂದ್ರು?" ಅಂತ ಕೇಳಿದಾಗ, "ಯಾವಾಗ್ಲೂ ಮಲಗಿಸೇ ಇಡಬೇಕಂತೆ" ಅಂದೆ. ಮಿಕ್ಕಿದ್ದನ್ನು ಹೇಳದೆ ಚೋಟುವಿನ ಮೇಲಿನ ಬಟ್ಟೆ ಸರಿಮಾಡಿದೆ.

ವಾಪಸು ಬರುವಾಗ ಹಲಗೆಯ ತಲೆ ಕಡೆ ಇವರು, ಕಾಲ ಕಡೆ ನಾನು. ವಾಹನ ನಿಲ್ಲಿಸಿದ ಜಾಗದಿಂದ ಮನೆಯವರೆಗೆ ಒಂದು ಬೀದಿ ನಡೆಯಬೇಕಿತ್ತು. ಚೋಟು ನಿದ್ದೆ ಮಾಡಿದ್ದಳು, ಬಿಸಿಲು ಬೀಳದಿರಲಿ ಅಂತ ಮೇಲೆ ತೆಳು ಬಟ್ಟೆ ಮುಚ್ಚಿದ್ದೆವು. ಬೀದಿಯ ಜನ ಮಾತು ನಿಲ್ಲಿಸಿ ಪಕ್ಕಕ್ಕೆ ಸರಿದು ನಿಂತರು. ಒಬ್ಬ ಮುದುಕ ತಲೆಯ ಟೋಪಿ ತೆಗೆದ. ಇವರಿಗೆ ಅದು ಹೊಳೆಯಲೇ ಇಲ್ಲ. "ನೋಡು, ಎಷ್ಟು ಒಳ್ಳೇ ಜನ, ಹೇಗೆ ದಾರಿ ಬಿಡ್ತಾರೆ" ಅಂದರು. ಜನ ಯಾವುದಕ್ಕೆ ಹಾಗೆ ದಾರಿ ಬಿಡುತ್ತಾರೆ ಅಂತ ನನಗೆ ಗೊತ್ತಿತ್ತು. ಅಲ್ಲೇ ಬೀದಿಯಲ್ಲಿ ಹಲ್ಲು ಕಚ್ಚಿ ತೀರ್ಮಾನ ಮಾಡಿದೆ: ಇನ್ನು ನನ್ನ ಮಗಳನ್ನು ಹಲಗೆಯ ಮೇಲೆ ಹೊರುವುದಿಲ್ಲ. ಅವಳು ಚಕ್ರದ ಗಾಡಿಯಲ್ಲಿ ಮಲಗಿಕೊಂಡು ಬೀದಿ ನೋಡಬೇಕು, ಬೀದಿಯವರು ಬಗ್ಗಿ ಅವಳ ಕೆನ್ನೆ ಹಿಂಡಬೇಕು. ಅದೂ ಬೇಗ ಆಗಬೇಕು.

ಬೇಗ ಯಾಕೆ ಅನ್ನುವುದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಹೆರಿಗೆಗೆ ಮುಂಚೆ ನಾನು ಕರೆಂಟಿನ ದೂರು ಕೇಳುವ ಕಚೇರಿಯಲ್ಲಿ ಫೋನಿನ ಮುಂದೆ ಕೂರುತ್ತಿದ್ದೆ. ಊರಿಗೆ ಊರೇ ಫೋನು ಮಾಡಿ ಬೈಯುತ್ತಿತ್ತು. ಎಲ್ಲರಿಗೂ ಒಂದೇ ಉತ್ತರ, "ಕೆಲಸ ನಡೀತಿದೆ, ಸ್ವಲ್ಪ ಹೊತ್ತಲ್ಲಿ ಬರುತ್ತೆ." ತಂತಿ ಹರಿದು ರಸ್ತೆಯಲ್ಲಿ ಬಿದ್ದಿದೆ, ನಾಳೆಯವರೆಗೂ ಬರುವುದಿಲ್ಲ ಅಂತ ಗೊತ್ತಿದ್ದರೂ ಅದೇ ಉತ್ತರ, ಅದೇ ಜೇನಿನಂಥ ದನಿ. ಆ ರೂಢಿ ಈಗ ಮನೆಯಲ್ಲಿ ಕೆಲಸಕ್ಕೆ ಬಂತು. ಇವರು ಶೆಡ್ಡಿನಿಂದ ಬಂದು ಕೈ ತೊಳೆದುಕೊಂಡು ಚೋಟುವಿನ ಮುಷ್ಟಿಯೊಳಗೆ ತಮ್ಮ ಬೆರಳು ಇಟ್ಟು, "ಇವತ್ತು ಸ್ವಲ್ಪ ಬಿಗಿಯಾಗಿ ಹಿಡಿದಳು, ಅಲ್ವಾ?" ಅಂತ ಕೇಳುತ್ತಿದ್ದರು. "ಹೂಂ, ಸ್ವಲ್ಪ" ಅನ್ನುತ್ತಿದ್ದೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ.

ಗಾಡಿಯ ವಿಷಯ ತೆಗೆದಾಗ ಇಬ್ಬರೂ ಹಿಗ್ಗಿದರು. ಅತ್ತೆಯಂತೂ ಮಿಷನ್ನು ನಿಲ್ಲಿಸಿ, ಕನ್ನಡಕ ಹಣೆಗೇರಿಸಿ ಆಜ್ಞೆ ಹೊರಡಿಸಿದರು.

"ದೊಡ್ಡದೇ ತನ್ನಿ. ಇವತ್ತು ತಂದು ನಾಳೆ ಮೂಲೆಗಿಡೋದಲ್ಲ. ಶಾಲೆಗೆ ಹೋಗೋವರೆಗೂ ಬರಬೇಕು."

"ಸರಿ ಅಮ್ಮ," ಅಂದರು ಇವರು.

"ಅತ್ತೆ, ಮಲಗಿಸೋ ಗಾಡಿ ಬೇಕಾಗಿರೋದು," ಅಂದೆ ನಾನು.

"ಇನ್ನೆಷ್ಟು ದಿನ ಕಣೇ ಮಲಗಿರ್ತಾಳೆ? ಇವನೂ ಕುತ್ತಿಗೆ ನಿಲ್ಲಿಸೋಕೆ ತಡ ಮಾಡಿದ್ದ. ಈಗ ನೋಡು, ಯಾರ ಮಾತಿಗೂ ಬಗ್ಗಿಸಲ್ಲ."

ಇವರು ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡಲಿ?

ಗ್ಯಾರೇಜಿನ ವ್ಯಾನು ಕೇಳಿಕೊಂಡು, ಚೋಟುವನ್ನು ಅದೇ ಹಲಗೆಯ ಮೇಲೆ ಮಲಗಿಸಿಕೊಂಡು ಅಂಗಡಿಗೆ ಹೋದೆವು. ಉದ್ದನೆಯ ಅಂಗಡಿ. ಎರಡೂ ಕಡೆ ಗಾಡಿಗಳ ಸಾಲು, ಮೇಲೆ ಕೊಕ್ಕೆಗಳಿಗೆ ಮಡಚಿ ನೇತುಹಾಕಿದ ಇನ್ನಷ್ಟು. ಅಂಗಡಿಯಾಕೆ ದಾರ ಕಟ್ಟಿದ ಕನ್ನಡಕವನ್ನು ಎದೆಯ ಮೇಲೆ ಬಿಟ್ಟುಕೊಂಡಿದ್ದ ನಡುವಯಸ್ಸಿನವರು. ಉಸಿರು ತೆಗೆದುಕೊಳ್ಳಲೂ ಬಿಡುವು ಕೊಡದೆ ಮಾತಾಡುವವರು. ಹಲಗೆಯನ್ನು ಅವರ ಮೇಜಿನ ಮೇಲೆ ಇಟ್ಟೆವು. ಚೋಟು ಕಣ್ಣು ಬಿಟ್ಟು ಮೇಲೆ ನೇತಾಡುತ್ತಿದ್ದ ಚಕ್ರಗಳನ್ನು ಒಂದೊಂದಾಗಿ ನೋಡತೊಡಗಿದಳು. ಅವಳ ಪಾಲಿಗೆ ಇದುವರೆಗಿನ ಅತ್ಯುತ್ತಮ ಸೂರು ಅದು.

"ಎಷ್ಟು ತಿಂಗಳು?"

"ಏಳು," ಅಂದೆ.

"ಹಾಗಾದ್ರೆ ಕೂರೋ ಗಾಡಿಗೆ ಬಂದ್ಲು!"

"ಮಲಗೋದು ತೋರಿಸಿ."

ಆಕೆ ಮೂಲೆಯತ್ತ ಕೈ ತೋರಿಸಿದರು. ತೊಟ್ಟಿಲ ಅಗಲದ ಪೆಟ್ಟಿಗೆ, ಕೆಳಗೆ ನಾಲ್ಕು ದೊಡ್ಡ ಚಕ್ರ, ಮೇಲೆ ಮಡಚುವ ಚಾವಣಿ. ಒಳಗೆ ಸಮತಟ್ಟಾದ ಹಾಸಿಗೆ. ಅಂಗಡಿಯಲ್ಲಿ ಅಂಥದ್ದು ಅದೊಂದೇ, ಚಾವಣಿಯ ಮೇಲೆ ಧೂಳು ಕೂತಿತ್ತು. "ಅದು ಆಗ ತಾನೇ ಹುಟ್ಟಿದ ಮಕ್ಕಳಿಗೆ. ಇವಳು ಉದ್ದ ಇದ್ದಾಳೆ. ಎರಡು ಮೂರು ತಿಂಗಳು ಬಂದ್ರೆ ಹೆಚ್ಚು. ಈ ವಯಸ್ಸಿಗೆ ಯಾರೂ ತಗೊಳ್ಳಲ್ಲ ಮೇಡಂ."

"ಸಾಕು," ಅಂದೆ.

ಇವರು ನಕ್ಕುಬಿಟ್ಟರು. "ಎರಡು ತಿಂಗಳಿಗೆ ಗಾಡಿ ತಗೊಂಡು ಹೋದ್ರೆ ಅಮ್ಮ ನಮ್ಮನ್ನ ಒಳಗೆ ಬಿಟ್ಕೋತಾಳಾ?"

ಅಂಗಡಿಯಾಕೆಗೆ ಅಷ್ಟೇ ಸಾಕಾಯಿತು. ಗಿರಾಕಿ ಯಾರು ಅಂತ ತಿಳಿದುಹೋಯಿತು. ಇವರನ್ನು ಸಾಲಿನ ನಡುವೆ ಕರೆದುಕೊಂಡು ಹೋಗಿ ಒಂದೊಂದಾಗಿ ಬಿಚ್ಚಿ ತೋರಿಸಿದರು. ಇವರು ಪ್ರತಿ ಗಾಡಿಯ ಸೀಟನ್ನೂ ಹೆಬ್ಬೆರಳಲ್ಲಿ ಒತ್ತಿ, ಹೊಲಿಗೆಯನ್ನು ಉಗುರಲ್ಲಿ ಎಳೆದು, "ಈ ಫೋಮು ನಾಲ್ಕು ದಿನಕ್ಕೆ ಕೂತು ಹೋಗುತ್ತೆ", "ಈ ದಾರ ಬಿಸಿಲಿಗೆ ನಿಲ್ಲಲ್ಲ" ಅಂತ ತೀರ್ಪು ಕೊಡುತ್ತಾ ಹೋದರು. ಸೀಟು ಅಂದರೆ ಸಾಕು, ಇವರಿಗೆ ಲೋಕದ ಪರಿವೆ ಇರುವುದಿಲ್ಲ. ಕೊನೆಗೆ ಒಂದು ಬೂದು ಬಣ್ಣದ ಗಾಡಿಯ ಮುಂದೆ ನಿಂತವರು ಜಪ್ಪಯ್ಯ ಅಂದರೂ ಕದಲಲಿಲ್ಲ. ಅದರ ಬೆನ್ನು ಒರಗುತ್ತಿತ್ತು, ಆದರೆ ಪೂರ್ತಿ ಮಲಗುತ್ತಿರಲಿಲ್ಲ. ಕಾಲಿಡುವ ಪಟ್ಟಿಯನ್ನು ಎಳೆದರೆ ಉದ್ದವಾಗುತ್ತಿತ್ತು, ಇನ್ನೊಮ್ಮೆ ಎಳೆದರೆ ಇನ್ನಷ್ಟು. ಅತ್ತೆ ಒಳಗೆ ಬಿಡುವ ಬಟ್ಟೆಯ ಹಾಗೆ.

"ನಾಲ್ಕು ವರ್ಷದವರೆಗೂ ಬರುತ್ತೆ ಸಾರ್. ಮಗು ಬೆಳೆದಂಗೆ ಗಾಡಿನೂ ಬೆಳೆಯುತ್ತೆ."

ಇವರ ಮುಖ ಅರಳಿತು. ಪಟ್ಟಿಯನ್ನು ಎಳೆದರು, ತಳ್ಳಿದರು, ಮತ್ತೆ ಎಳೆದರು. ನನಗೆ ಆ ಅಂಗಡಿಯಾಕೆಯ ಮೇಲೆ, ಆ ಪಟ್ಟಿಯ ಮೇಲೆ, ಅದನ್ನು ಮಾಡಿದ ಕಾರ್ಖಾನೆಯವರ ಮೇಲೆ ಎಲ್ಲಿಲ್ಲದ ಕೋಪ ಬಂತು. ಅವರೇನು ಮಾಡಿದ್ದರು ಪಾಪ, ಲೋಕದ ಮಕ್ಕಳೆಲ್ಲ ಬೆಳೆಯುತ್ತವೆ ಅಂತ ನಂಬಿದ್ದರು.

"ಅವಳು ಇದರಲ್ಲಿ ಕೂರೋಕಾಗಲ್ಲ ರೀ."

"ಈಗ ಆಗಲ್ಲ, ಒಪ್ಪಿದೆ. ಮುಂದೆ?"

"ಈಗ ಹೊರಗೆ ಕರ್ಕೊಂಡು ಹೋಗೋಕೆ ತಾನೇ ಗಾಡಿ?"

"ಬೆನ್ನು ಇಷ್ಟು ಒರಗುತ್ತಲ್ಲ, ಸಾಕಾಗಬಹುದು. ಒಂದ್ಸಲ ಮಲಗಿಸಿ ನೋಡೋಣ."

ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಕಣ್ಣಾರೆ ನೋಡಿದರೆ ತಾವೇ ತಿಳಿದುಕೊಳ್ಳುತ್ತಾರೆ, ನಾನು ಬಾಯಿ ಬಿಡುವುದು ತಪ್ಪುತ್ತದೆ ಅಂತ ಆಸೆಯಾಯಿತು. ಇವರು ಚೋಟುವನ್ನು ಎರಡೂ ಕೈಯಲ್ಲಿ ಜೋಪಾನವಾಗಿ ಎತ್ತಿ, ತಲೆಗೆ ಅಂಗೈ ಕೊಟ್ಟು, ಬೂದು ಗಾಡಿಯಲ್ಲಿ ಇಟ್ಟರು. ಬೆಲ್ಟು ಹಾಕಿದರು. ಮೆಲ್ಲಗೆ ಅಂಗೈ ತೆಗೆದರು.

ಒಂದು ಗಳಿಗೆ ಅವಳು ಕೂತ ಹಾಗೇ ಕಂಡಳು. ನಾನೇ ಮೋಸ ಹೋಗುವಷ್ಟು ಚೆನ್ನಾಗಿ ಕಂಡಳು. ಲೋಕದ ಯಾವುದೋ ಒಂದು ಮಗು, ಗಾಡಿಯಲ್ಲಿ ಕೂತು ಅಪ್ಪನನ್ನು ನೋಡುತ್ತಿದೆ. ಆಮೇಲೆ ತಲೆ ಪಕ್ಕಕ್ಕೆ ವಾಲಿ ಎದೆಯ ಮೇಲೆ ಬಿತ್ತು. ಗಂಟಲಿಂದ ಬಾಗಿಲು ಕಿರುಗುಟ್ಟಿದಂಥ ಸಣ್ಣ ಸದ್ದು ಬಂತು, ಅದೂ ನಿಂತಿತು. ತುಟಿ ಕಪ್ಪಾಯಿತು. ಇವರು ಬೆಲ್ಟಿನ ಗುಂಡಿ ಒತ್ತುತ್ತಿದ್ದರು, ಅದು ಬಿಚ್ಚಿಕೊಳ್ಳಲಿಲ್ಲ. ನಾನು ಇವರ ಕೈ ತಳ್ಳಿ, ಬೆಲ್ಟಿನ ಕೆಳಗಿಂದಲೇ ಅವಳನ್ನು ಎಳೆದು ಹಲಗೆಯ ಮೇಲೆ ಅಂಗಾತ ಮಲಗಿಸಿ, ಗದ್ದ ಎತ್ತಿ ಹಿಡಿದೆ. ಉಸಿರು ಬಂತು. ಅಂಗಡಿಯಾಕೆ ಲೋಟದಲ್ಲಿ ನೀರು ತಂದು ಯಾರಿಗೆ ಕೊಡಬೇಕು ಅಂತ ತಿಳಿಯದೆ ತಾವೇ ಕುಡಿದರು. ಚೋಟು ಕಣ್ಣೀರು ತುಂಬಿದ ಕಣ್ಣಲ್ಲಿ ಮತ್ತೆ ಮೇಲಿನ ಚಕ್ರಗಳನ್ನು ಹುಡುಕಿಕೊಂಡಳು.

ಇವರು ಹಲಗೆಯ ಪಕ್ಕ ನಿಂತು ಅವಳ ಎದೆ ಏರಿಳಿಯುವುದನ್ನೇ ನೋಡಿದರು. ತಿಳಿಯಿತು ಅಂದುಕೊಂಡೆ. ಆಮೇಲೆ ಬೂದು ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ತಲೆ ಬರುವ ಜಾಗವನ್ನು ಗೇಣು ಹಾಕಿ ಅಳೆದರು.

"ಇಲ್ಲಿ ಎರಡೂ ಕಡೆ ದಿಂಡು ಕೊಟ್ರೆ ಆಯ್ತು," ಅಂದರು. ದನಿ ಒಣಗಿತ್ತು. "ಕೆಳಗೆ ಗಟ್ಟಿ ಫೋಮು. ಗದ್ದಕ್ಕೆ ಮೆತ್ತನೇದು ಒಂದು ಪಟ್ಟಿ. ನಾನು ಹೊಲೀತೀನಿ. ನಾಲ್ಕು ತಿಂಗಳು ಹೀಗೇ ಕೂರಿಸ್ತಾ ಬಂದ್ರೆ ಕುತ್ತಿಗೆಗೂ ಅಭ್ಯಾಸ ಆಗುತ್ತೆ."

"ರೀ, ಏಳಿ."

"ಅಭ್ಯಾಸ ಬೇಕು ಕಣೇ. ಮಲಗಿಸಿ ಮಲಗಿಸೇ ಹೀಗಾಗಿದ್ದಾಳೆ."

"ಅವಳು ಕೂರಲ್ಲ."

"ಇವತ್ತಲ್ಲ ಅಂದ್ರೆ..."

"ಯಾವತ್ತೂ ಕೂರಲ್ಲ!" ಅಂದೆ. ಕೂಗಿದ್ದೆ ಅಂತ ಅಂಗಡಿಯಾಕೆ ತಿರುಗಿ ನೋಡಿದಾಗ ಗೊತ್ತಾಯಿತು. "ಕೂರೋದೂ ಇಲ್ಲ, ನಿಲ್ಲೋದೂ ಇಲ್ಲ. ಮುಂದಿನ ಚಳಿಗಾಲಕ್ಕೆ ಇರೋದೂ ಇಲ್ಲ. ಡಾಕ್ಟರು ಹೇಳಿದಾರೆ. ನಾಲ್ಕು ವರ್ಷದ ಗಾಡಿ ಯಾರಿಗೆ ತಗೋತಿದೀರಿ ನೀವು?"

ಹೀಗೆ ಹೇಳಿದೆ ನಾನು. ಕಂಡವರ ಕರೆಂಟಿಗೆ ಜೇನು ಸುರಿಸಿದ ದನಿ, ಕಟ್ಟಿಕೊಂಡವರಿಗೆ ಸಿಕ್ಕಿದ್ದು ಇದು. ಇವರು ಕೂತಲ್ಲೇ ಕೂತಿದ್ದರು. ಗೇಣು ಹಾಕಿದ ಕೈ ಇನ್ನೂ ಹಾಗೇ ಅಗಲಿಸಿಕೊಂಡಿತ್ತು. ನನ್ನ ಮುಖ ನೋಡಲಿಲ್ಲ, ಮಗುವಿನ ಮುಖವನ್ನೂ ನೋಡಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ. ಭುಜ ಮುಟ್ಟಿದೆ. ಮರದ ಹಾಗಿತ್ತು.

ಎಷ್ಟೋ ಹೊತ್ತಿನ ಮೇಲೆ ಎದ್ದರು. ಮೂಲೆಗೆ ನಡೆದು ಹೋಗಿ ಆ ಧೂಳು ಕೂತ ಗಾಡಿಯೊಳಗೆ ಕೈ ಹಾಕಿ ಹಾಸಿಗೆಯನ್ನು ಹೆಬ್ಬೆರಳಲ್ಲಿ ಒತ್ತಿದರು.

"ಫೋಮು ತೆಳು ಇದೆ," ಅಂದರು.

ಅಂಗಡಿಯಾಕೆ "ಹೌದು ಸಾರ್" ಅಂದರು, ಅಷ್ಟೇ. ಅಷ್ಟು ಹೊತ್ತು ಮಾತಾಡಿದ ಬಾಯಿ ಅದೇ ಅಂತ ನಂಬಲಾಗುತ್ತಿರಲಿಲ್ಲ.

"ಇರ್ಲಿ, ನಾನು ಬೇರೆ ಹಾಕ್ತೀನಿ. ಇದನ್ನೇ ಕೊಡಿ."

ಆಕೆ ತಮ್ಮ ಕರ್ಚೀಫು ತೆಗೆದು ಚಾವಣಿಯ ಧೂಳು ಒರೆಸಿದರು. ಚಕ್ರಗಳನ್ನೂ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

ವ್ಯಾನಿನಲ್ಲಿ ಇವರು ಸ್ಟೇರಿಂಗು ಹಿಡಿದುಕೊಂಡು ಒಂದೇ ಮಾತು ಕೇಳಿದರು, "ಯಾವಾಗ ಹೇಳಿದ್ರು?"

"ಅವತ್ತೇ. ನೀವು ಔಷಧಿಗೆ ಹೋದಾಗ."

"ಅವತ್ತು ಜನ ದಾರಿ ಬಿಟ್ಟಿದ್ದು..." ಅಂದರು. ವ್ಯಾನು ಬದಿಗೆ ಹಾಕಿ ನಿಲ್ಲಿಸಿದರು. ಸ್ಟೇರಿಂಗಿನ ಮೇಲೆ ಹಣೆ ಇಟ್ಟು ಅತ್ತರು. ಗಂಡಸು ಹಾಗೆ ಬಿಕ್ಕಿ ಬಿಕ್ಕಿ ಅಳುವುದನ್ನು ನಾನು ನೋಡಿರಲಿಲ್ಲ. ಹಿಂದಿನ ವಾಹನಗಳು ಹಾರನ್ ಹೊಡೆದು ಹೊಡೆದು ದಾಟಿಕೊಂಡು ಹೋದವು. ನನಗೆ ಅಳು ಬರಲಿಲ್ಲ. ಇಷ್ಟು ದಿನ ಒಬ್ಬಳೇ ಹೊತ್ತಿದ್ದನ್ನು ಇಳಿಸಿದರೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಹಗುರಾಗಲಿಲ್ಲ, ಇಬ್ಬರ ಮೇಲೂ ಅಷ್ಟಷ್ಟೇ ಭಾರ ಬಿತ್ತು.

ಮನೆಯಲ್ಲಿ ಅತ್ತೆ ಮಿಷನ್ನಿನ ಮುಂದಿದ್ದರು. ಇವರು ಗಾಡಿಯನ್ನು ಮೂರನೇ ಮಹಡಿಗೆ ಹೊತ್ತು ತಂದು ಕೋಣೆಯ ನಡುವೆ ಇಟ್ಟರು. ನಾನು ಚೋಟುವನ್ನು ಅದರೊಳಗೆ ಮಲಗಿಸಿದೆ. ಅವಳಿಗೆ ಹಿಡಿಸಿತು. ಚಾವಣಿಯ ಅಂಚಿನ ಬಿಳಿ ಕುಚ್ಚುಗಳನ್ನು ಕಣ್ಣಲ್ಲಿ ಎಣಿಸುತ್ತಾ ಬಾಯಿ ಅಗಲಿಸಿದಳು. ಅತ್ತೆ ಸುತ್ತಲೂ ಒಂದು ಪ್ರದಕ್ಷಿಣೆ ಬಂದರು.

"ಇದೇನು, ಬೊಂಬೆ ಆಟಕ್ಕೆ ತಂದಿದ್ದಾ?"

ಅತ್ತೆ ಕೊರಳಲ್ಲಿ ಸದಾ ಇರುವ ಟೇಪು ತೆಗೆದು, ಚೋಟುವಿನ ನೆತ್ತಿಯಿಂದ ಹಿಮ್ಮಡಿಯವರೆಗೆ ಹಿಡಿದರು. ಆಮೇಲೆ ಪೆಟ್ಟಿಗೆಯ ಒಳಗಿನ ಉದ್ದಕ್ಕೆ ಹಿಡಿದರು.

"ನೋಡ್ರೋ, ಕಾಲಿನ ಹತ್ರ ಒಂದು ಬೆರಳು ಜಾಗ ಇಲ್ಲ. ಹೋದ ತಿಂಗಳಿಗಿಂತ ಇಷ್ಟು ಉದ್ದ ಆಗಿದ್ದಾಳೆ ನನ್ನ ಬಂಗಾರ. ಎಷ್ಟು ಚೆನ್ನಾಗಿ ಬೆಳೀತಿದ್ದಾಳೆ! ಹೋಗಿ, ಅಂಗಡಿ ಮುಚ್ಚೋಕೆ ಮುಂಚೆ ಬದಲಾಯಿಸಿಕೊಂಡು ಬನ್ನಿ. ನಾನೇ ಬರ್ತೀನಿ ನಡೀರಿ, ನಿಮಗೆ ಆರಿಸೋಕೆ ಬರಲ್ಲ."

ಅತ್ತೆ ಹೇಳಿದ್ದು ಸುಳ್ಳಲ್ಲ. ಅವಳು ಬೆಳೆಯುತ್ತಿದ್ದಳು. ಅದೇ ನನ್ನ ಎದೆ ಒಡೆಯುವ ಸಂಗತಿ. ಕೈಗೆ ಬಲವಿಲ್ಲ, ಕುತ್ತಿಗೆಗೆ ಬಲವಿಲ್ಲ, ಉಸಿರು ದಿನದಿನಕ್ಕೆ ತೆಳ್ಳಗಾಗುತ್ತಿದೆ. ಮೂಳೆಗಳಿಗೆ ಮಾತ್ರ ಯಾರೂ ಸುದ್ದಿ ಮುಟ್ಟಿಸಿಲ್ಲ, ಅವು ತಮ್ಮ ಪಾಡಿಗೆ ಉದ್ದವಾಗುತ್ತಿವೆ.

"ಅಮ್ಮ, ಬದಲಾಯಿಸೋದು ಬೇಡ," ಅಂದರು ಇವರು.

"ಯಾಕೆ ಬೇಡ? ಎರಡು ತಿಂಗಳಾದ ಮೇಲೆ ಇವಳ ಕಾಲು ಎಲ್ಲಿಡ್ತೀಯ?"

"ಅಷ್ಟು ದಿನ ಸಾಕು ಅಮ್ಮ." ಆಮೇಲೆ ಇವರು ಅತ್ತೆಯ ಕೈ ಹಿಡಿದು, ಮಿಷನ್ನಿನ ಸ್ಟೂಲಿನ ಮೇಲೆ ಕೂರಿಸಿ, ನಾನು ಅಂಗಡಿಯಲ್ಲಿ ಕೂಗಿದ್ದನ್ನೇ ಮೆಲ್ಲನೆ ಹೇಳಿದರು. ನನಗಿಂತ ಎಷ್ಟೋ ಚೆನ್ನಾಗಿ ಹೇಳಿದರು. ಅತ್ತೆ ಪೂರ್ತಿ ಕೇಳಿದರು. ಮಧ್ಯೆ ಒಂದು ಸಲವೂ ಬಾಯಿ ಹಾಕಲಿಲ್ಲ. ಕೇಳಿಯಾದ ಮೇಲೆ ಎದ್ದು ಬಂದು ಮತ್ತೆ ಟೇಪು ಹಿಡಿದರು. ನೆತ್ತಿಯಿಂದ ಹಿಮ್ಮಡಿಗೆ. ಎರಡನೇ ಸಲ ಹಿಡಿದು, ಕನ್ನಡಕ ಸರಿಮಾಡಿಕೊಂಡು, ಅಂಕಿಯನ್ನು ಹತ್ತಿರದಿಂದ ನೋಡಿದರು.

"ಬೆಳೆಯೋ ಮಗು ಹೇಗೆ ಸಾಯುತ್ತೆ?" ಅಂತ ನನ್ನನ್ನು ಕೇಳಿದರು. ಜಗಳಕ್ಕಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಹತ್ತಿರ ಕೇಳುವ ಹಾಗೆ ಕೇಳಿದರು. "ಇಷ್ಟು ಮಕ್ಕಳ ಅಳತೆ ತಗೊಂಡಿದ್ದೀನಿ. ಬೆಳೆಯೋ ಮಗು ಹೇಗೆ ಸಾಯುತ್ತೆ, ಹೇಳೇ."

ಚೋಟು ತನ್ನ ಮುಖದ ಮೇಲೆ ತೂಗುತ್ತಿದ್ದ ಟೇಪಿನ ತುದಿಯನ್ನು ಆ ಕಡೆಗೂ ಈ ಕಡೆಗೂ ಕಣ್ಣಲ್ಲೇ ಹಿಂಬಾಲಿಸುತ್ತಿದ್ದಳು. ಅವಳಿಗೆ ಅದೊಂದು ಆಟ. ಅತ್ತೆ ಅದನ್ನು ನೋಡಿದರು. ಟೇಪು ಎಳೆದುಕೊಳ್ಳಲಿಲ್ಲ, ಇನ್ನೂ ಸ್ವಲ್ಪ ತೂಗಿಸಿದರು.

"ಇನ್ನೂ ಬೆಳಕಿದೆ," ಅಂದೆ. "ಕೆಳಗೆ ಕರ್ಕೊಂಡು ಹೋಗೋಣ."

ಇವರು ಮುಂದಿನ ಚಕ್ರಗಳ ಕಡೆ, ನಾನು ಹಿಡಿಯ ಕಡೆ, ಗಾಡಿಯನ್ನು ಅಲುಗದ ಹಾಗೆ ಹಿಡಿದುಕೊಂಡು ಮೆಟ್ಟಿಲಿಳಿದೆವು. ಅತ್ತೆ ಕಂಬಿ ಹಿಡಿದುಕೊಂಡು ಹಿಂದೆ ಬಂದರು. ಬೀದಿಗೆ ಬಂದ ಮೇಲೆ, "ಕೊಡಿಲ್ಲಿ" ಅಂತ ಹಿಡಿಯನ್ನು ತಾವೇ ಕಸಿದುಕೊಂಡು ತಳ್ಳತೊಡಗಿದರು. ಚಾವಣಿಯನ್ನು ಹಿಂದಕ್ಕೆ ಮಡಚಿದ್ದೆವು. ಬೀದಿಯ ಮರಗಳ ಎಲೆಗಳು ಅವಳ ಮೇಲಿಂದ ಒಂದಾದ ಮೇಲೊಂದು ಹಾದುಹೋದವು. ಅವಳು ಕಣ್ಣು ಮಿಟುಕಿಸುವುದನ್ನೇ ಮರೆತಿದ್ದಳು. ಅಷ್ಟು ದೊಡ್ಡ ಸೂರು ಇರುತ್ತದೆ ಅಂತ ಅವಳಿಗೆ ಯಾರು ಹೇಳಿದ್ದರು?

ಯಾರೂ ಪಕ್ಕಕ್ಕೆ ಸರಿದು ನಿಲ್ಲಲಿಲ್ಲ. ಬೀದಿಯ ಕೊನೆಯ ಮನೆಯ ನಿವೃತ್ತ ಕಂಡಕ್ಟರು, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತವರು, ಎದ್ದು ಬಂದು ಗಾಡಿಗೆ ಅಡ್ಡ ನಿಂತು ಬಗ್ಗಿದರು. "ಅಬ್ಬಬ್ಬಾ, ಏನು ಕಣ್ಣಪ್ಪಾ ಇವು!" ಅಂತ ಅವಳ ಕೆನ್ನೆಯನ್ನು ಎರಡು ಬೆರಳಲ್ಲಿ ಹಿಂಡಿದರು. ಆಮೇಲೆ ಅವರ ನೋಟ ಗಾಡಿಯ ತುದಿಗೆ ಹೋಯಿತು.

"ಕಾಲು ಆಗಲೇ ತುದಿ ಮುಟ್ಟೋ ಹಾಗಿದೆಯಲ್ಲ ತಾಯಿ. ಬೇಗ ಚಿಕ್ಕದಾಗಲ್ವಾ ಇದು?"

ಇವರು ಮುಖ ತಿರುಗಿಸಿಕೊಂಡರು.

"ಆಗುತ್ತೆ," ಅಂದರು ಅತ್ತೆ. "ಬೆಳೆಯೋ ಮಗು. ಇದು ಚಿಕ್ಕದಾದ ಮೇಲೆ ದೊಡ್ಡದು ತರ್ತೀವಿ."

"ಹಾಗೇ ಮಾಡಿ, ಹಾಗೇ ಮಾಡಿ," ಅಂತ ಅವರು ಕುರ್ಚಿಗೆ ಹಿಂತಿರುಗಿದರು.

ಅತ್ತೆಯ ದನಿ ನಡುಗಲಿಲ್ಲ. ಹಿಡಿಯ ಮೇಲಿದ್ದ ಕೈ ಮಾತ್ರ ಬಿಗಿದು ಬೆಳ್ಳಗಾಗಿತ್ತು. ಗಾಡಿ ನಿಂತಲ್ಲಿಂದ ಮುಂದೆ ಹೋಗಲಿಲ್ಲ. ನಾನು ಪಕ್ಕಕ್ಕೆ ಹೋಗಿ ಆ ಹಿಡಿಯ ಮೇಲೆ ನನ್ನ ಕೈಯನ್ನೂ ಇಟ್ಟೆ. ಇಬ್ಬರೂ ಸೇರಿ ತಳ್ಳಿದೆವು.